ಇಲ್ಲದ ಗ್ರಾಹಕನ ಆರ್ಡರು

ಆರ್ಡರುಗಳ ಟೇಬಲ್‌ನಲ್ಲಿ ಒಂದು ಸಾಲು. ಗ್ರಾಹಕರ ಸಂಖ್ಯೆ ಇರಬೇಕಾದ ಕಡೆ 0 ಎಂದಿದೆ. ಗ್ರಾಹಕರ ಟೇಬಲ್‌ನಲ್ಲಿ ಎಷ್ಟು ಜಾಲಾಡಿದರೂ ಆ ಸಂಖ್ಯೆಯವರು ಯಾರೂ ಇಲ್ಲ. ಖಾಲಿ ಬಿಡಬೇಕಾದಲ್ಲಿ ಸೊನ್ನೆ ತುಂಬುವ ಅಭ್ಯಾಸದಿಂದ ಹಳೆಯ ಡೇಟಾಬೇಸ್‌ಗಳಲ್ಲಿ ಇಂಥ ಅನಾಥ ಸಾಲುಗಳು ಉಳಿದುಬಂದಿವೆ.

ಒಂದು ಟೇಬಲ್‌ನ ಸಾಲು ಇನ್ನೊಂದು ಟೇಬಲ್‌ನ ಸಾಲನ್ನು ಹೆಸರಿಸಿದರೆ ಆ ಇನ್ನೊಂದು ಸಾಲು ಇರಲೇಬೇಕು ಎಂಬ ನಿಯಮವೇನೂ ಹೊಸದಲ್ಲ. ಐಬಿಎಂನ ಎಡ್ಗರ್ ಕಾಡ್ 1970ರಲ್ಲಿ ಪ್ರಕಟಿಸಿದ ಲೇಖನದಲ್ಲೇ ಹಾಗೆ ಹೆಸರಿಸುವ ಕಾಲಂ, ಅಂದರೆ ಫಾರಿನ್ ಕೀ, ಕಾಣಿಸಿಕೊಂಡಿತ್ತು. ಆ ನಿಯಮವನ್ನು ಪಾಲಿಸುವ ವಿಷಯದಲ್ಲಿ ಮಾತ್ರ ಕೆಲವು ಡೇಟಾಬೇಸ್‌ಗಳು ದಶಕಗಟ್ಟಲೆ ಸಡಿಲವಾಗಿದ್ದವು. ಮೈಎಸ್‌ಕ್ಯೂಎಲ್‌ನ ಮೈಐಸ್ಯಾಮ್ ಟೇಬಲ್‌ಗಳು ಫಾರಿನ್ ಕೀ ಬರೆದರೆ ತಕರಾರಿಲ್ಲದೆ ಒಪ್ಪಿಕೊಂಡು, ಆಮೇಲೆ ಅದರ ಗೊಡವೆಗೇ ಹೋಗುತ್ತಿರಲಿಲ್ಲ. ಎಸ್‌ಕ್ಯೂಲೈಟ್ ಈ ಕಾವಲನ್ನು ಕೊಟ್ಟಿದ್ದು 2009ರಲ್ಲಿ; ಅದೂ ಕೇಳಿಕೊಂಡವರಿಗೆ ಮಾತ್ರ.

ಕಾವಲಿಲ್ಲದ ಈ ಊರಿಗೆ 2001ರಲ್ಲಿ ಹೈಬರ್ನೇಟ್ ಬಂತು. ಗ್ಯಾವಿನ್ ಕಿಂಗ್ ಶುರುಮಾಡಿದ ಈ ಜಾವಾ ಲೈಬ್ರರಿ ಟೇಬಲ್‌ನ ಸಾಲುಗಳನ್ನು ಆಬ್ಜೆಕ್ಟ್‌ಗಳಾಗಿಸಿ ಕೊಡುತ್ತದೆ. ಹಾಗೆ ಹೊಂದಿಸಿದ್ದರೆ, ಆರ್ಡರ್ ಓದಿದ ಕೂಡಲೇ ಗ್ರಾಹಕರ ವಿವರ ತರಲು ಓಡುವುದಿಲ್ಲ. ಸಂಖ್ಯೆಯನ್ನಷ್ಟೇ ಹಿಡಿದ ಬದಲಿ ಆಬ್ಜೆಕ್ಟ್, ಅಂದರೆ ಪ್ರಾಕ್ಸಿಯೊಂದನ್ನು ನಿಲ್ಲಿಸಿ, ಹೆಸರೋ ವಿಳಾಸವೋ ಬೇಕಾದಾಗ ಕ್ವೆರಿ ಕಳಿಸುತ್ತದೆ. ಉಳಿತಾಯದ ಉಪಾಯವೇ. ಆದರೆ ಸಂಖ್ಯೆ 0 ಇದ್ದರೂ ಪ್ರಾಕ್ಸಿ ನಿಂತಿರುತ್ತದೆ, 'ನಲ್' (ಖಾಲಿ) ಆಗಿರುವುದಿಲ್ಲ. ಪ್ರೋಗ್ರಾಮರ್ ಹಾಕಿದ ನಲ್ ತಪಾಸಣೆಯನ್ನು ಅದು ಸಲೀಸಾಗಿ ದಾಟುತ್ತದೆ. ಕೊನೆಗೆ ಬಿಲ್ಲಿನ ಮೇಲೆ ಹೆಸರು ಮುದ್ರಿಸುವ ಹೊತ್ತಿಗೆ, ಸಂಬಂಧವೇ ಇಲ್ಲವೆನಿಸುವ ಕಡೆ, ಎಕ್ಸೆಪ್ಶನ್ ಸಿಡಿಯುತ್ತದೆ.

ಇದಕ್ಕೆ ಹೈಬರ್ನೇಟ್ ಕೊಟ್ಟ ಮದ್ದು 'ನಾಟ್-ಫೌಂಡ್' ಎಂಬ ಸೆಟ್ಟಿಂಗ್. ಅದಕ್ಕೆ 'ಇಗ್ನೋರ್' ಎಂದರೆ, ಸಿಗದ ಸಾಲನ್ನು ನಲ್ ಎಂದು ಭಾವಿಸುತ್ತದೆ. ಡಾಟ್‌ನೆಟ್ ಲೋಕದ ಎನ್‌ಹೈಬರ್ನೇಟ್ ಕೂಡ ಇದನ್ನೇ ಎತ್ತಿಕೊಂಡಿತು.

ಮದ್ದಿಗೆ ಬೆಲೆಯೂ ಇತ್ತು. ನಲ್ಲೋ ಪ್ರಾಕ್ಸಿಯೋ ಎಂದು ಹೇಳಬೇಕಾದರೆ ಸಾಲು ಇದೆಯೇ ಎಂದು ಆಗಲೇ ನೋಡಲೇಬೇಕು. ನೂರು ಗ್ರಾಹಕರ ನೂರು ಆರ್ಡರುಗಳ ಪಟ್ಟಿಗೆ, ಎರಡೂ ಟೇಬಲ್‌ಗಳನ್ನು ಒಟ್ಟಿಗೆ ಓದುವ ಜಾಯಿನ್ ಬಳಸದಿದ್ದರೆ, ಒಂದು ಕ್ವೆರಿಯ ಜೊತೆ ಇನ್ನೂ ನೂರು. ಇನ್ನೊಂದು ಅಪಾಯ ಸದ್ದಿಲ್ಲದ್ದು: ಡಿಫಾಲ್ಟ್ ಆಗಿ ಹೈಬರ್ನೇಟ್ ಅಪ್‌ಡೇಟ್ ಮಾಡುವಾಗ ಎಲ್ಲ ಕಾಲಂಗಳನ್ನೂ ಬರೆಯುತ್ತದೆ. ಅಳಿಸಿಹೋದ 42ನೇ ಗ್ರಾಹಕರ ಆರ್ಡರಿನಲ್ಲಿ ದಿನಾಂಕವಷ್ಟೇ ತಿದ್ದಿದರೂ, ಆ 42 ಹೋಗಿ ನಲ್ ಕೂರಬಹುದು.

ನಂತರ ಬಂದವರು ಈ ಪ್ರಶ್ನೆಯನ್ನು ಓದುವ ಹೊತ್ತಿಗೆ ಬಿಡದೆ ಬರೆಯುವ, ಅಳಿಸುವ ಹೊತ್ತಿಗೇ ಎತ್ತಿದರು. ವೆಬ್ ಫ್ರೇಮ್‌ವರ್ಕ್ ಆದ ರೈಲ್ಸ್‌ನ 2016ರ 5ನೇ ಆವೃತ್ತಿಯ ಹೊಸ ಯೋಜನೆಗಳಲ್ಲಿ, ಒಡೆಯನಿಲ್ಲದ ದಾಖಲೆಯನ್ನು ಉಳಿಸಲು ಹೊರಟರೆ ಲೈಬ್ರರಿಯೇ ತಡೆಯುತ್ತದೆ. ಮೂಲ ಸಾಲು ಅಳಿದರೆ ಅವಲಂಬಿತರ ಗತಿ ಏನೆಂದು ಹೇಳುವ 'ಆನ್ ಡಿಲೀಟ್' ಆಯ್ಕೆ ಇನ್ನೊಂದು ವೆಬ್ ಫ್ರೇಮ್‌ವರ್ಕ್ ಜ್ಯಾಂಗೊಗೆ 2011ರಲ್ಲಿ ಬಂತು. ಅಲ್ಲಿಯವರೆಗೆ ಅವಲಂಬಿತ ಸಾಲುಗಳೂ ಜೊತೆಗೇ ಅಳಿಯುತ್ತಿದ್ದವು. 2017ರ 2.0 ಆವೃತ್ತಿಯಿಂದ ಆ ಆಯ್ಕೆಯನ್ನು ಬರೆಯದೆ ಫಾರಿನ್ ಕೀ ಘೋಷಿಸುವಂತೆಯೇ ಇಲ್ಲ.