ಸೇವೆಗೆ ಬಂದವರು, ಕೇರಿಯಲ್ಲಿದ್ದವರು

ರಜೆ ಬಂತೆಂದರೆ ಹೊಸೂರು ರಸ್ತೆಯಲ್ಲೋ ಬನಶಂಕರಿ ಬಸ್ ನಿಲ್ದಾಣದ ಹತ್ತಿರವೋ ಇದು ಕಾಣುತ್ತದೆ. ಬ್ಯಾನರು ಕಟ್ಟಿದ ವ್ಯಾನು, ಒಳಗೆ ಗಿಟಾರು, ಬಿಸ್ಕತ್ತಿನ ಡಬ್ಬ, ಹಳೇ ಬಟ್ಟೆಯ ಮೂಟೆ, ಇಪ್ಪತ್ತರ ಆಸುಪಾಸಿನ ಹುಡುಗ ಹುಡುಗಿಯರು. ಚರ್ಚಿನ ಯುವಜನ ಸಂಘದವರು. ಆನೇಕಲ್ಲಿನ ಕಡೆಗೋ ಕನಕಪುರದ ಕಡೆಗೋ ಹೋಗಿ, ನಾಲ್ಕು ದಿನ ಬಡವರ ಸೇವೆ ಮಾಡಿ, ಮತ್ತೆ ಜಯನಗರಕ್ಕೆ ವಾಪಸ್ಸು. ಅವರ ಮನಸ್ಸು ಕೆಟ್ಟದ್ದು ಅಂತ ನಾವು ಹೇಳೋದಿಲ್ಲ. ಆ ಒಳ್ಳೇ ಮನಸ್ಸಿನ ಚರಿತ್ರೆಯನ್ನೇ ಸ್ವಲ್ಪ ಕೆದಕಬೇಕಾಗಿದೆ. ಯಾಕೆಂದರೆ ಆ ವ್ಯಾನು ಹೋಗಿ ನಿಲ್ಲುವುದು ನಮ್ಮ ಊರುಗಳಲ್ಲಿ.

ಮೊದಲಿಗೇ ಒಂದು ಮಾತು. ಬಿ.ಟಿ.ಎಂ. ಅಂದರೆ ಭೈರಸಂದ್ರ, ತಾವರೆಕೆರೆ, ಮಡಿವಾಳ. ಮೂರೂ ಹಳ್ಳಿಗಳೇ. ಹೊಲ ಹೋಯಿತು, ಹಳ್ಳಿಯ ಹೆಸರು ಮೂರು ಇಂಗ್ಲಿಷ್ ಅಕ್ಷರವಾಯಿತು. ಜಯನಗರ, ಜೆ.ಪಿ. ನಗರಗಳ ಮಗ್ಗುಲಲ್ಲೇ ರಾಗಿಗುಡ್ಡದ ಕೊಳೆಗೇರಿ ಬೆಳೆಯಿತು. ಬಡವರನ್ನು ಹುಡುಕಿಕೊಂಡು ಐವತ್ತು ಮೈಲಿ ಹೋಗುವವರು, ತಮ್ಮ ಮನೆ ಮುಂದಿನ ಕಸ ಎತ್ತುವ ಹೆಂಗಸು ಯಾವ ಊರಿನವಳು ಅಂತ ಕೇಳಿದ್ದಾರೋ ಇಲ್ಲವೋ.

ಕ್ರೈಸ್ತರು ಕೇರಿಗೆ ಬಂದದ್ದು ಇವತ್ತು ನಿನ್ನೆಯಲ್ಲ. 1876-78ರ ಬರದಲ್ಲಿ ಮೈಸೂರು ಸೀಮೆಯ ಜನ ದಾರಿಬದಿಯಲ್ಲಿ ಬಿದ್ದು ಸಾಯುವಾಗ ಮಿಷನ್ನಿನವರು ಅನಾಥ ಮಕ್ಕಳನ್ನು ಎತ್ತಿಕೊಂಡು ಸಾಕಿದರು. ಅವರು ಬಂದದ್ದು ಇದ್ದುಬಿಡಲಿಕ್ಕೆ. ಬಂದು ಹೋಗುವ ಶಿಬಿರದ ಹುಟ್ಟು ಬೇರೆ. ಮೊದಲ ಮಹಾಯುದ್ಧ ಮುಗಿದ ಮೇಲೆ, 1920ರಲ್ಲಿ, ಸ್ವಿಟ್ಜರ್ಲೆಂಡಿನ ಪಿಯರ್ ಸೆರೆಸೋಲ್ ಎಂಬಾತ ಫ್ರಾನ್ಸಿನಲ್ಲಿ ಯುದ್ಧ ಸುಟ್ಟುಹಾಕಿದ ಹಳ್ಳಿಯೊಂದನ್ನು ಕಟ್ಟಲು ಹೋದ. ಶತ್ರುಗಳಾಗಿದ್ದ ದೇಶಗಳವರು ಒಟ್ಟಿಗೆ ಗುದ್ದಲಿ ಹಿಡಿಯಬೇಕು ಅನ್ನೋದು ಅವನ ಹಟ. 1934ರ ಭೂಕಂಪದ ನಂತರ ಆತ ಬಿಹಾರಕ್ಕೂ ಬಂದು ಮಣ್ಣು ಹೊತ್ತ. ನಮ್ಮ ದೇಶದಲ್ಲಿ ಮಣ್ಣು ಹೊರುವುದಕ್ಕೆ ಒಂದು ಜಾತಿಯೇ ಇದೆ ಅನ್ನೋದು ಬೇರೆ ಮಾತು. ಓದಿದ ಬಿಳಿಯನೊಬ್ಬ ಹೊತ್ತರೆ ಅದು ಸೇವೆ, ನಮ್ಮಪ್ಪ ಹೊತ್ತರೆ ಕೂಲಿ.

ಗಾಂಧಿ ಶತಮಾನೋತ್ಸವದ ವರ್ಷ, 1969ರ ಸೆಪ್ಟೆಂಬರ್ 24ರಂದು ಸರ್ಕಾರವೂ ಶಿಬಿರ ಹೂಡಿತು. 37 ವಿಶ್ವವಿದ್ಯಾಲಯಗಳಲ್ಲಿ ರಾಷ್ಟ್ರೀಯ ಸೇವಾ ಯೋಜನೆ ಶುರುವಾಯಿತು. ಅದೇ ವರ್ಷ ಹೊಸೂರು ರಸ್ತೆಯ ಧರ್ಮಾರಾಂ ಆವರಣದಲ್ಲಿ ಕ್ರೈಸ್ಟ್ ಕಾಲೇಜು ಬಾಗಿಲು ತೆರೆಯಿತು. ಅದಕ್ಕೂ ಮುಂಚೆ, 1963ರಲ್ಲೇ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜು ಹುಟ್ಟಿತ್ತು. ಅದು ಮುಂದೆ ಕೋರಮಂಗಲಕ್ಕೆ ಬಂದು ನೆಲೆನಿಂತಿತು. ಬೆಂಗಳೂರಿನ ದಕ್ಷಿಣದ ಈ ಅಂಚಿನಿಂದ ಹಳ್ಳಿ ಕಡೆ ಹೊರಟ ಹುಡುಗರ ಕತೆಗೆ ಇವೆರಡೂ ಮುಖ್ಯ.

ಆ ಕಾಲವೂ ಹಾಗಿತ್ತು. ರೋಮಿನಲ್ಲಿ 1962ರಿಂದ 65ರವರೆಗೆ ನಡೆದ ಎರಡನೇ ವ್ಯಾಟಿಕನ್ ಸಭೆ ಚರ್ಚಿನ ಕಿಟಕಿ ತೆಗೆದಿತ್ತು. ಲ್ಯಾಟಿನ್ ಅಮೆರಿಕದ ಪಾದ್ರಿಗಳು ಬಡವರ ಪಕ್ಷ ಹಿಡಿದಿದ್ದರು. 1924ರಷ್ಟು ಹಿಂದೆಯೇ ಹುಟ್ಟಿದ್ದ ಅಖಿಲ ಭಾರತ ಕ್ಯಾಥೊಲಿಕ್ ವಿದ್ಯಾರ್ಥಿಗಳ ಒಕ್ಕೂಟವನ್ನು ಫ್ರೆಂಚ್ ಜೆಸ್ಯೂಟ್ ಪಿಯರ್ ಸೆರಾಕ್ ವರ್ಷಗಟ್ಟಲೆ ಶಿಬಿರಗಳಿಗೆ ಕರೆದುಕೊಂಡು ಹೋಗಿದ್ದರು. ಆ ವಿದ್ಯಾರ್ಥಿಗಳೇ 1970ರಲ್ಲಿ ಮದರಾಸಿನ ಪೂನಮಲ್ಲಿಯಲ್ಲಿ ಸೇರಿ, ಈಗಿರುವ ಸಮಾಜ ವ್ಯವಸ್ಥೆಯೇ ಅನ್ಯಾಯದ್ದು, ಅದನ್ನು ಬದಲಿಸುವುದೇ ತಮ್ಮ ಕೆಲಸ ಎಂದು ಘೋಷಿಸಿದರು. ರಸ್ತೆಗೆ ಜಲ್ಲಿ ಹಾಕುತ್ತಿದ್ದವರು ರಸ್ತೆ ಯಾಕಿಲ್ಲ ಅಂತ ಕೇಳಿದರು. ಇದು ಸಣ್ಣ ಮಾತಲ್ಲ.

1971ರಲ್ಲಿ ಪೂರ್ವ ಬಂಗಾಳದ ನಿರಾಶ್ರಿತರು ಗಡಿ ದಾಟಿ ಬಂದಾಗ ಸೇಂಟ್ ಜಾನ್ಸ್‌ನ ಎಳೆಯ ಡಾಕ್ಟರುಗಳು ಆ ಶಿಬಿರಗಳಿಗೆ ಹೋದರು. ವಾಂತಿಭೇದಿಯಲ್ಲಿ ಸಾಯುವವರನ್ನು ಕಣ್ಣಾರೆ ಕಂಡವರು ಬರೀ ಆಸ್ಪತ್ರೆಯ ಡಾಕ್ಟರುಗಳಾಗಿ ಉಳಿಯಲಿಲ್ಲ. ಅವರಲ್ಲೊಬ್ಬರಾದ ರವಿ ನಾರಾಯಣ್, ಥೆಲ್ಮಾ ನಾರಾಯಣ್ ಮತ್ತಿತರರೊಡನೆ ಕಾಲೇಜಿನಿಂದ ಹೊರಬಂದು 1984ರಲ್ಲಿ ಸಮುದಾಯ ಆರೋಗ್ಯದ ಒಂದು ಕೇಂದ್ರವನ್ನೇ ಕಟ್ಟಿದರು. ನಡುವೆ, 1973ರಲ್ಲಿ, ಶಿಡ್ಲಘಟ್ಟ ತಾಲ್ಲೂಕಿನ ಮಳ್ಳೂರಿನಲ್ಲಿ ಒಂದು ಪ್ರಯೋಗ ನಡೆಯಿತು. ಊರಿನ ಹಾಲಿನ ಸಹಕಾರ ಸಂಘ ಹಾಲಿನ ದುಡ್ಡಿನಲ್ಲಿ ಲೀಟರಿಗೆ ಇಷ್ಟು ಪೈಸೆ ಅಂತ ಎತ್ತಿಟ್ಟು ಆರೋಗ್ಯ ಕೇಂದ್ರಕ್ಕೆ ಕೊಡೋದು, ಸೇಂಟ್ ಜಾನ್ಸ್‌ನವರು ಡಾಕ್ಟರನ್ನು ಕೊಡೋದು. ಧರ್ಮದ ಗುಳಿಗೆ ಬೇಡ, ನಮ್ಮ ದುಡ್ಡಿಗೆ ನಮ್ಮ ಡಾಕ್ಟರು. ಈ ಶಿಬಿರಗಳ ಚರಿತ್ರೆಯಲ್ಲಿ ನಾವು ಎದ್ದು ನಿಂತು ಗೌರವಿಸುವ ಕೆಲಸವಿದು. ಆದರೂ ಕೇಳಲೇಬೇಕು: ಹಾಲಿಗೆ ಹಸು ಬೇಕು, ಹಸುವಿಗೆ ಮೇವು, ಮೇವಿಗೆ ನೆಲ. ನೆಲವಿಲ್ಲದ ಕೇರಿಯವನು ಹಾಲಿನ ಲೆಕ್ಕದಲ್ಲಿ ಎಲ್ಲಿ ಬರುತ್ತಾನೆ?

ಅದೇ 1973ರ ನವೆಂಬರಿನಲ್ಲಿ ಮಂತ್ರಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಅಂದರು. ಕಾಲೇಜು ಹುಡುಗರು ಬೀದಿಗಿಳಿದರು, ನಮ್ಮ ಹುಡುಗರ ಮೇಲೆ ಕಲ್ಲು ಬಿತ್ತು, ಮಂತ್ರಿ ರಾಜೀನಾಮೆ ಕೊಟ್ಟರು. ಆ ಏಟಿನಿಂದಲೇ ಬಿ. ಕೃಷ್ಣಪ್ಪನವರಂಥವರ ಮುಂದಾಳತ್ವದಲ್ಲಿ ದಲಿತ ಸಂಘರ್ಷ ಸಮಿತಿ ಎದ್ದಿತು. ಇವರದು ಶಿಬಿರವಲ್ಲ. ಇವರಿಗೆ ವಾಪಸ್ಸು ಹೋಗಲು ಜಯನಗರ ಇರಲಿಲ್ಲ.

ಚರ್ಚಿನೊಳಗೂ ಕೇರಿ ಇದೆ ಅನ್ನೋದನ್ನ ಹೇಳಿದವರು ಒಳಗಿನವರೇ. 1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಅರವಿಂದ ನಿರ್ಮಲ್ ಶೂದ್ರ ದೈವಶಾಸ್ತ್ರವೊಂದು ಬೇಕು ಎಂದು ಭಾಷಣ ಮಾಡಿದರು. ದಲಿತ ದೈವಶಾಸ್ತ್ರ ಅಲ್ಲಿಂದ ಬೆಳೆಯಿತು. ಭಾರತದ ಕ್ರೈಸ್ತರಲ್ಲಿ ಹೆಚ್ಚಿನವರು ನಮ್ಮವರೇ ಆಗಿರುವಾಗ ಪೀಠದ ಮೇಲಿನ ಮಾತು ಮಾತ್ರ ಮೇಲುಜಾತಿಯದು ಯಾಕೆ ಅನ್ನೋದು ಅವರ ಪ್ರಶ್ನೆ. 1950ರ ರಾಷ್ಟ್ರಪತಿ ಆದೇಶ ಪರಿಶಿಷ್ಟ ಜಾತಿಯ ಹಕ್ಕನ್ನು ಹಿಂದೂಗಳಿಗಷ್ಟೇ ಕೊಟ್ಟಿತು. 1956ರಲ್ಲಿ ಸಿಖ್ಖರು ಸೇರಿದರು, 1990ರಲ್ಲಿ ಬೌದ್ಧರು. ದಲಿತ ಕ್ರೈಸ್ತ ಮಾತ್ರ ಹೊರಗೆ. ದೇವರು ಬದಲಾದರೆ ಸರ್ಕಾರಕ್ಕೆ ಜಾತಿ ಹೋಯಿತು, ಊರಿಗೆ ಹೋಗಲಿಲ್ಲ.

ಇನ್ನು ದುಡ್ಡಿನ ವಿಚಾರ. ತುರ್ತು ಪರಿಸ್ಥಿತಿಯಲ್ಲಿ, 1976ರಲ್ಲಿ, ವಿದೇಶಿ ದೇಣಿಗೆಗೆ ಕಡಿವಾಣ ಹಾಕುವ ಕಾನೂನು ಬಂತು. 1984ರಲ್ಲಿ ಪ್ರಕಾಶ್ ಕಾರಟ್ ಸ್ವಯಂಸೇವಾ ಗುಂಪುಗಳನ್ನು ಸಾಮ್ರಾಜ್ಯಶಾಹಿಯ ತಂತ್ರ ಎಂದೇ ಬರೆದರು. ನಮ್ಮ ಚಳವಳಿಯಲ್ಲೂ ಈ ಅನುಮಾನ ಇತ್ತು, ಈಗಲೂ ಇದೆ. ಜೀಪು ಹತ್ತಿದ ಕಾರ್ಯಕರ್ತ ಕೇರಿಯ ಕಣ್ಣಿಗೆ ಬೇರೆಯೇ ಆಗಿಬಿಡುತ್ತಾನೆ. ಆದರೆ ಬಲಗಡೆಯಿಂದ ಕೂಗುವವರ ಜೊತೆ ನಮ್ಮ ಅನುಮಾನವನ್ನು ಬೆರೆಸಲು ನಾವು ತಯಾರಿಲ್ಲ. 2019ರ ಕ್ರಿಸ್‌ಮಸ್ ದಿನ ಕನಕಪುರದ ಕಪಾಲಬೆಟ್ಟದಲ್ಲಿ ಏಸು ಪ್ರತಿಮೆಗೆ ಕಲ್ಲಿಟ್ಟರೆ ಜನವರಿಯಲ್ಲೇ ಕನಕಪುರ ಚಲೋ ಹೊರಟಿತು. 2022ರಲ್ಲಿ ಮತಾಂತರ ತಡೆಯುವ ಕಾನೂನು ಬಂತು, 2023ರ ಜೂನಿನಲ್ಲಿ ಮುಂದಿನ ಸರ್ಕಾರದ ಸಂಪುಟ ಅದನ್ನು ವಾಪಸ್ಸು ಪಡೆಯಲು ತೀರ್ಮಾನಿಸಿತು. ಬಿಸ್ಕತ್ತಿಗೆ ಕೇರಿಯವರು ದೇವರನ್ನು ಮಾರುತ್ತಾರೆ ಅನ್ನುವವರು, ಅದೇ ಕೇರಿಯವರಿಗೆ ಗುಡಿ ಬಾಗಿಲು ಯಾಕೆ ಮುಚ್ಚಿದೆ ಅಂತ ಒಂದು ಚಲೋ ಮಾಡಿದ್ದನ್ನು ನಾವು ಕಾಣೆವು.

ನಮ್ಮೂರಿಗೂ ಒಂದು ಕಾಲೇಜಿನ ಶಿಬಿರ ಬಂದಿತ್ತು. ನಾವಾಗ ಮೂರನೇ ಕ್ಲಾಸು. ಸ್ಕೂಲಿನಲ್ಲಿ ಮಲಗಿದರು, ಹಾಡು ಕಲಿಸಿದರು, ರಸ್ತೆಗೆ ಮಣ್ಣು ಹಾಕಿದರು. ಎರಡನೇ ದಿನ ಒಬ್ಬ ಹುಡುಗಿ ನಮ್ಮ ಬಾಗಿಲಿಗೆ ಬಂದು ನೀರು ಕೇಳಿದಳು.

'ನಮ್ಮನೇಲಿ ಕುಡೀತೀಯೇನವ್ವ?' ಅಂದಳು ಅಜ್ಜಿ.

'ಕುಡೀತೀನಿ ಕೊಡಜ್ಜಿ' ಅಂದು ಚೊಂಬು ತುಟಿಗೇ ಇಟ್ಟು ಕುಡಿದಳು. ಸಂಜೆ ಹೊತ್ತಿಗೆ ಊರಲ್ಲಿ ಗುಸುಗುಸು. ಶಿಬಿರದ ಅಡುಗೆಗೆ ಪಾತ್ರೆ ಕೊಟ್ಟಿದ್ದ ದೊಡ್ಡ ಮನೆಯವರು ಪಾತ್ರೆ ವಾಪಸ್ಸು ಕೇಳಿದರು. ಶಿಬಿರದ ಮೇಷ್ಟ್ರು ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ನಾವು ಸೇವೆಗೆ ಬಂದವರು, ಜಗಳಕ್ಕಲ್ಲ, ಕೆಳಗಿನ ಬೀದಿಯ ಮನೆಗಳೊಳಗೆ ಯಾರೂ ಹೋಗಬಾರದು ಅಂದರಂತೆ. ಪಾತ್ರೆ ಉಳಿಯಿತು. ರಸ್ತೆ ಅರಳಿಕಟ್ಟೆಯವರೆಗೆ ಬಂದು ನಿಂತಿತು. ಅಲ್ಲಿಂದ ನಮ್ಮ ಕೇರಿಗೆ ಅರವತ್ತು ಹೆಜ್ಜೆ.

ಹೊರಡುವ ದಿನ ಆ ಹುಡುಗಿ ಒಬ್ಬಳೇ ಬಂದು ಮತ್ತೆ ನೀರು ಕೇಳಿದಳು. ಅಜ್ಜಿ ಕೊಟ್ಟಳು. ಕಟ್ಟೆ ಹತ್ತಿರ ವ್ಯಾನು ಎರಡು ಸಲ ಹಾರನ್ನು ಹೊಡೆಯಿತು. ಅವಳು ಚೊಂಬು ಪೂರ್ತಿ ಕುಡಿದು, ತೊಳೆದು ಬೋರಲು ಹಾಕಿ ಹೋದಳು.