ಯುಟ್ರೆಕ್ಟಿನ ಬಿಷಪ್ಪರ ಅಭಿಷೇಕ

ಕ್ರಿ. ಶ. 1724ನೆಯ ಅಕ್ಟೋಬರ್ 15ರಂದು ಆಮ್‌ಸ್ಟರ್‌ಡ್ಯಾಮಿನಲ್ಲಿ ಕಾರ್ನೇಲಿಯಸ್ ಸ್ಟೀನೋವನ್ ಎಂಬವನಿಗೆ ಯುಟ್ರೆಕ್ಟಿನ ಆರ್ಚ್‌ಬಿಷಪ್ ಪದವಿಯ ಅಭಿಷೇಕವಾಯಿತು. ಅವನನ್ನು ಆರಿಸಿದವರು ಅಲ್ಲಿನ ಪಾದ್ರಿಗಳ ಮಂಡಲಿಯವರು, ಪೋಪರ ಅನುಮತಿಯಿರಲಿಲ್ಲ. ಅಭಿಷೇಕ ಮಾಡಿದ ಫ್ರೆಂಚ್ ಬಿಷಪ್ ಡೊಮಿನಿಕ್ ವಾರ್ಲೆಯಾದರೋ, ಹಿಂದೆ ಪರ್ಷಿಯಾಕ್ಕೆ ಹೋಗುವ ದಾರಿಯಲ್ಲಿ ಇದೇ ಊರಿನ ಜನಕ್ಕೆ ದೃಢೀಕರಣ ಸಂಸ್ಕಾರವನ್ನು ಕೊಟ್ಟು ರೋಮಿನ ಕೋಪಕ್ಕೆ ಗುರಿಯಾಗಿ ಅಧಿಕಾರ ಕಳೆದುಕೊಂಡಿದ್ದವನು. ಮೂವರು ಬಿಷಪ್ಪರು ಕೂಡಿ ನಡೆಸತಕ್ಕ ಕರ್ಮವನ್ನು ಅವನೊಬ್ಬನೇ ನಡೆಸಿದನು.

1725ರಲ್ಲಿ ಹದಿಮೂರನೆಯ ಬೆನೆಡಿಕ್ಟ್ ಪೋಪನು ಬಹಿಷ್ಕಾರವನ್ನು ವಿಧಿಸಿದನು. ಅವನ ಆಜ್ಞಾಪತ್ರದಲ್ಲಿ ಒಂದು ಸೂಕ್ಷ್ಮವಿದೆ: ಚುನಾವಣೆಯು ಅಸಿದ್ಧ, ಅಭಿಷೇಕವು ಅಕ್ರಮ. ಈ ಎರಡು ಮಾತುಗಳನ್ನು ಒಂದೇ ಎಂದು ಓದುವುದು ತಪ್ಪೆಂದು ನಮ್ಮ ಅಭಿಪ್ರಾಯ. ಅಕ್ರಮವಾದುದಕ್ಕೆ ದಂಡನೆಯುಂಟು, ಆದರೆ ಒಮ್ಮೆ ಹತ್ತಿದ ಅಭಿಷೇಕವು ದಂಡನೆಯಿಂದ ಅಳಿಯುವುದಿಲ್ಲ. ಸ್ಟೀನೋವನನು ಆ ವರ್ಷವೇ ತೀರಿಕೊಂಡನು. ವಾರ್ಲೆಯು ಅವನ ತರುವಾಯ ಇನ್ನೂ ಮೂವರಿಗೆ ಅಭಿಷೇಕ ಮಾಡಿದನು. ಅವರಲ್ಲಿ ಕಡೆಯವನಾದ ಮೇಂಡಾರ್ಟ್ಸನು 1742ರಲ್ಲಿ ಹಾರ್ಲೆಮಿಗೆ ತಾನೇ ಒಬ್ಬ ಬಿಷಪ್ಪನನ್ನು ಅಭಿಷೇಕಿಸಿದನು.