ಜೈನ ಅರಸರು, ಶೈವ ದೇಗುಲ: ಕಳಸದಲ್ಲಿ ಧರ್ಮ ಮತ್ತು ಅಧಿಕಾರ

ಭದ್ರಾ ನದಿಯ ದಡದಲ್ಲಿರುವ ಕಳಸವು ಮಧ್ಯಕಾಲದಲ್ಲಿ ಕೇವಲ ತೀರ್ಥಕ್ಷೇತ್ರವಾಗಿರದೆ, ಘಟ್ಟದ ಮೇಲಿನ ಮಲೆನಾಡನ್ನೂ ಕೆಳಗಿನ ತುಳುನಾಡನ್ನೂ ಒಂದೇ ಆಳ್ವಿಕೆಗೆ ತಂದ ಕಳಸ-ಕಾರ್ಕಳ ರಾಜ್ಯದ ಆಡಳಿತ ಕೇಂದ್ರವೂ ಆಗಿತ್ತು. ಈ ರಾಜ್ಯವನ್ನಾಳಿದ ಭೈರರಸರು ಹುಂಚದ ಸಾಂತರ ಪರಂಪರೆಗೆ ಸೇರಿದವರು. ಸಾಂತರರು ಪದ್ಮಾವತಿಯ, ಅಂದರೆ ಪಾರ್ಶ್ವನಾಥ ತೀರ್ಥಂಕರನ ಶಾಸನದೇವತೆಯಾದ ಯಕ್ಷಿಯ, ವರಪ್ರಸಾದ ಪಡೆದವರೆಂಬ ಬಿರುದನ್ನು ಧರಿಸಿ, ತಮ್ಮ ಅಧಿಕಾರಕ್ಕೆ ದೈವಸಮ್ಮತಿಯ ಮುದ್ರೆಯೊತ್ತಿಕೊಂಡಿದ್ದರು.

ಆದರೆ ಕಳಸದ ಜನರ ಭಕ್ತಿಯ ಕೇಂದ್ರ ಕಳಸನಾಥನೆಂಬ ಶಿವನಾಗಿದ್ದುದರಿಂದ, ಜೈನ ಮನೆತನದ ಅರಸರು ಆ ದೇಗುಲಕ್ಕೂ ದತ್ತಿ, ಅಂದರೆ ಪೂಜೆ ಮತ್ತು ನೈವೇದ್ಯಗಳ ಖರ್ಚಿಗಾಗಿ ಭೂಮಿಯ ಆದಾಯವನ್ನು, ಬಿಟ್ಟುಕೊಟ್ಟರು. ಘಟ್ಟದ ಕೆಳಗಿನ ಕಾರ್ಕಳದಲ್ಲಾದರೋ 1432ರಲ್ಲಿ ವೀರಪಾಂಡ್ಯನು ಸುಮಾರು 42 ಅಡಿ ಎತ್ತರದ ಗೊಮ್ಮಟನನ್ನು ನಿಲ್ಲಿಸಿದನು. 1586ರಲ್ಲಿ ಇಮ್ಮಡಿ ಭೈರರಸನು ಚತುರ್ಮುಖ ಬಸದಿಯನ್ನು ಕಟ್ಟಿಸಿದನು. ಹೀಗೆ ಒಂದೇ ಮನೆತನವು ತನ್ನ ಕುಲಧರ್ಮವನ್ನು ಬಿಡದೆ, ಪ್ರಜೆಗಳ ದೇವರಿಗೂ ನಡೆದುಕೊಂಡು, ಬಲಪ್ರಯೋಗವೊಂದರಿಂದಲೇ ದಕ್ಕದ ನಿಷ್ಠೆಯನ್ನು ಗಳಿಸಿತು.

ಇದನ್ನು ಬರಿಯ ತಂತ್ರವೆನ್ನುವಂತಿಲ್ಲ. ದಾನಶಾಸನಗಳ ಕೊನೆಯಲ್ಲಿ ಬರುವ ಶಾಪಾಶಯವು, ತಾನು ಕೊಟ್ಟುದಾಗಲಿ ಪರರು ಕೊಟ್ಟುದಾಗಲಿ, ದಾನಭೂಮಿಯನ್ನು ಅಪಹರಿಸಿದವನು ಅರವತ್ತು ಸಾವಿರ ವರ್ಷ ಹುಳುವಾಗಿ ಹುಟ್ಟುವನೆಂದು ಎಚ್ಚರಿಸುತ್ತದೆ; ಪ್ರಜೆಗಳನ್ನು ಒಲಿಸಿಕೊಳ್ಳಲು ಅರಸನು ಬಳಸಿದ ಧರ್ಮವೇ, ಕೊಟ್ಟುದನ್ನು ಹಿಂದೆಗೆಯದಂತೆ ಅವನ ಕೈಯನ್ನೂ ಕಟ್ಟಿಹಾಕುತ್ತಿತ್ತು.